ಅತ್ತೆಯ ಎದೆಯೊಳಗಿನ ಬಾಗಿಲು

ಹೃದಯ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ನಮ್ಮ ಹೋಟೆಲಿನ ಅಡಿಗೆಮನೆಯ ಬಾಗಿಲು. ಆಮೇಲೆ ಕಾನ್ವೆಂಟಿನ ವೆರಾಂಡಾ. ಅದಾದಮೇಲೆ ಮೆಟ್ಟಿಲ ತಿರುವಿನಲ್ಲಿ ಮಣೆಯ ಮೇಲೆ ಕುಳಿತು ರೈಲು ನೋಡುತ್ತಿದ್ದ ನನ್ನ ಅತ್ತೆ. ಪುಸ್ತಕಗಳಲ್ಲಿ ಇರುತ್ತದಲ್ಲ, ಅರ್ಧ ಕೆಂಪು ಅರ್ಧ ನೀಲಿ ಬಣ್ಣದ ಡಯಾಗ್ರಾಮ್, ಅದಕ್ಕೆ ನನ್ನ ತಲೆಯಲ್ಲಿ ತೀರ ಹಿಂದಿನ ಬೆಂಚು.

ಮದ್ರಾಸಿನ ಪೆರಂಬೂರಿನಲ್ಲಿ ರೈಲ್ವೆ ವರ್ಕ್‌ಶಾಪಿನ ಉದ್ದನೆಯ ಗೋಡೆಗೆ ಎದುರಾಗಿ ಅಪ್ಪಯ್ಯನ ಹೋಟೆಲು ಇತ್ತು. ಕೆಳಗೆ ಹೋಟೆಲು, ಮೇಲೆ ಮನೆ. ವರ್ಕ್‌ಶಾಪಿನ ಸಂಗು ಊದಿತೆಂದರೆ, ಸೈರನ್ನಿಗೆ ಅಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಹಾಗೇ, ನೀಲಿ ಅಂಗಿಯವರ ಹೊಳೆಯೇ ರಸ್ತೆ ದಾಟಿ ನಮ್ಮ ಬೆಂಚುಗಳಿಗೆ ನುಗ್ಗುತ್ತಿತ್ತು. ಅಪ್ಪಯ್ಯ ಉಡುಪಿ ಕಡೆಯಿಂದ ಬಂದವರು. ಬೇರೆಯವರ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತು ಬೆವರಿ, ಕೊನೆಗೆ ಸ್ವಂತದ್ದು ಮಾಡಿದವರು. ತನಗಿಲ್ಲದ ಇಂಗ್ಲಿಷ್ ಮಗಳಿಗಾದರೂ ಇರಲಿ ಎಂದು ನನ್ನನ್ನು ಕಾನ್ವೆಂಟಿಗೆ ಹಾಕಿದರು. ಆಂಗ್ಲೋ-ಇಂಡಿಯನ್ ಗಾರ್ಡುಗಳ, ಡ್ರೈವರುಗಳ ಮಕ್ಕಳ ನಡುವೆ ಎರಡು ಜಡೆ ಹಾಕಿಕೊಂಡ ಹೋಟೆಲ್‌ನವರ ಹುಡುಗಿ ನಾನು.

ನನ್ನ ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಮೇಲಿನ ಮನೆಯಲ್ಲಿ ನನ್ನನ್ನು ಸಾಕಿದವರು ಇಬ್ಬರು: ಅಪ್ಪಯ್ಯನ ತಾಯಿ, ನನ್ನ ಅಜ್ಜಿ, ಮತ್ತು ಅಪ್ಪಯ್ಯನ ತಂಗಿ, ನನ್ನ ಅತ್ತೆ. ಅಜ್ಜಿ ಕೆಂಪು ಸೀರೆಯ, ತಲೆ ಬೋಳಿಸಿಕೊಂಡ ಹಳೇ ಕಾಲದ ವಿಧವೆ. ಆಕೆಯ ಮಡಿ ಎಷ್ಟೆಂದರೆ ಮಗನ ಹೋಟೆಲಿನ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಕೆಳಗೆ ಊರಿಗೆಲ್ಲ ಇಡ್ಲಿ ಬೇಯುತ್ತಿದ್ದರೆ ಮೇಲೆ ಆಕೆ ಇದ್ದಿಲ ಒಲೆಯ ಮೇಲೆ ತನ್ನ ಹಿಡಿ ಅನ್ನ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಮಡಿಯುಟ್ಟ ಹೊತ್ತಿನಲ್ಲಿ ಯಾರಾದರೂ ತಾಗಿದರೆ ಮತ್ತೆ ಸ್ನಾನ. ಕೈಯಲ್ಲಿ ನೀರಿನ ಕೊಡ ಹಿಡಿದು ಬಾಗಿಲನ್ನು ಬೆನ್ನಿನಿಂದ ತಳ್ಳಿ ಒಳಗೆ ಬರುವ ಆಕೆಯ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅತ್ತೆ ಬೇರೆ ಜಾತಿಯ ಹೆಂಗಸು, ಸ್ವಭಾವದಲ್ಲಿ ಹೇಳುತ್ತಿದ್ದೇನೆ. ಮಾತು ಹಗುರ, ನಗು ಹಗುರ. ಕೆಲಸ ಮಾತ್ರ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಗಂಟುಗಂಟು ಊದಿಕೊಳ್ಳುವ ಜ್ವರ ಬಂದು ತಿಂಗಳಾನುಗಟ್ಟಲೆ ಮಲಗಿದ್ದಳಂತೆ. ಆಮೇಲಿನಿಂದ ಒಂದು ಕೊಡ ನೀರು ಎತ್ತಿದರೆ ಏದುಸಿರು, ರುಬ್ಬುವ ಕಲ್ಲಿನ ಮುಂದೆ ಕುಳಿತರೆ ಕೆಮ್ಮು. ಮಲಗುವಾಗ ಬೆನ್ನಿಗೆ ದಿಂಬು ಒಟ್ಟಿಕೊಂಡು ಅರ್ಧ ಕುಳಿತೇ ಮಲಗುತ್ತಿದ್ದಳು. ಬಂಧುಗಳು ಬಂದಾಗ ಬಾಯಿ ಬಿಟ್ಟೇ ಅನ್ನುತ್ತಿದ್ದರು: “ಮೈಗಳ್ಳಿ. ಅಣ್ಣನ ಹೋಟೆಲು ಉಂಟಲ್ಲ, ಕೂತು ತಿಂದರಾಯ್ತು.” ಗಂಡಿನ ಕಡೆಯವರು ನೋಡಲಿಕ್ಕೆ ಬಂದಾಗಲೆಲ್ಲ ಆ ಮೆಟ್ಟಿಲು ಅಡ್ಡ ಬರುತ್ತಿತ್ತು. ಕೆಳಗಿನಿಂದ ಕಾಫಿ ತಟ್ಟೆ ಹಿಡಿದು ಮೇಲೆ ಬರುವಷ್ಟರಲ್ಲಿ ಅವಳ ತುಟಿ ಬಣ್ಣಗೆಟ್ಟಿರುತ್ತಿತ್ತು. ಒಬ್ಬರಾದಮೇಲೆ ಒಬ್ಬರು, ಕಾಫಿ ಕುಡಿದು ಹೋದವರು ತಿರುಗಿ ಬರಲಿಲ್ಲ.

ಆ ಮೆಟ್ಟಿಲ ನಡುವಿನ ತಿರುವಿನಲ್ಲಿ ಸರಳಿನ ಒಂದು ಕಿಟಕಿ, ಅದರ ಕೆಳಗೆ ಒಂದು ಮಣೆ. ಅತ್ತೆ ಹತ್ತುವಾಗ ಯಾವಾಗಲೂ ಅಲ್ಲಿ ಕೂರುತ್ತಿದ್ದಳು. ಕಿಟಕಿಯಾಚೆ ರೈಲ್ವೆ ಯಾರ್ಡು. “ಎಂತ ಮಾಡ್ತಿದ್ದಿ ಅತ್ತೇ?” ಎಂದರೆ ಕಿಟಕಿಯಿಂದ ಮುಖ ತಿರುಗಿಸದೆ, “ರೈಲು ನೋಡ್ತಿದ್ದೇನೆ ಮಾರಾಯ್ತಿ. ಆ ಎಂಜಿನ್ನಿಗೆ ಇವತ್ತು ಹೊಸ ಬಣ್ಣ” ಎನ್ನುತ್ತಿದ್ದಳು. ನನ್ನ ಅತ್ತೆಯಷ್ಟು ರೈಲು ಪ್ರೀತಿಸುವವರು ಮದ್ರಾಸಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ.

ನನಗೆ ಹದಿಮೂರೋ ಹದಿನಾಲ್ಕೋ ಇದ್ದಾಗ, ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ಒಂದು ಬೆಳಿಗ್ಗೆ ಅತ್ತೆಯ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಅಪ್ಪಯ್ಯ ಹೆದರಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ ಇಂಗ್ಲಿಷಿಗೆ ನಾನು ಇಂಟರ್‌ಪ್ರಿಟರ್. ಡಾಕ್ಟರು ಬಹಳ ಹೊತ್ತು ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕಣ್ಣು ಮುಚ್ಚಿಕೊಂಡು, ಸಂಗೀತ ಕಚೇರಿ ಕೇಳುವವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಹೃದಯದ ಎಡಗಡೆಯ ಮೈಟ್ರಲ್ ವಾಲ್ವ್ ನ್ಯಾರೋ ಆಗಿದೆ. ಸದ್ಯಕ್ಕೆ ಮಾತ್ರೆ, ಉಪ್ಪು ಕೂಡದು. ಆದರೆ ಇದು ಮಾತ್ರೆಗೆ ವಾಸಿಯಾಗುವುದಲ್ಲ. ಆಪರೇಷನ್ ಮಾಡಬೇಕು. ಸರ್ಜನ್ ಹೃದಯದೊಳಗೆ ಬೆರಳು ಹಾಕಿ ವಾಲ್ವನ್ನು ಬಿಡಿಸುತ್ತಾರೆ. ಅಪಾಯ ಇಲ್ಲವೆಂದು ಹೇಳಲಾರೆ. ಮಾಡಿಸದಿದ್ದರೆ ಮಾತ್ರ ಅವಳು ಹೆಚ್ಚು ಕಾಲ ಬದುಕುವುದಿಲ್ಲ.

ಒಂದೊಂದು ಶಬ್ದವೂ ನನಗೆ ತಿಳಿಯಿತು. ಏನು ಹೇಳಿದರೆಂದು ತಿಳಿಯಲಿಲ್ಲ. ಇಂಗ್ಲಿಷ್ ಇತ್ತು, ಆನೆಸ್ಟ್‌ಲಿ, ಅದರ ಕೆಳಗೆ ನೆಲ ಇರಲಿಲ್ಲ. “ವಾಲ್ವ್ ಅಂದ್ರೆ ಎಂತ ಮಗಾ?” ಎಂದು ಅಪ್ಪಯ್ಯ ಕೇಳಿದಾಗ ನಾನು ಡಾಕ್ಟರ ಮುಖ ನೋಡಿದೆ. ಅವರು ಆಗಲೇ ಮುಂದಿನ ರೋಗಿಯನ್ನು ಕರೆದಿದ್ದರು.

ಮನೆಯಲ್ಲಿ ಅಜ್ಜಿ ಎಲ್ಲ ಕೇಳಿಸಿಕೊಂಡು ಎರಡೇ ಮಾತು ಹೇಳಿದಳು. “ಉಪ್ಪು ಬಿಡು ಅಂದ್ರೆ ಬಿಡುವ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಟ್ಟವಳು ನಾನು. ಇದೂ ಒಂದು ವ್ರತ, ನನ್ನದೂ ಅವಳ ಜೊತೆಗೇ. ಆದ್ರೆ ಎದೆ ಕೊಯ್ಯುವ ಮಾತು ಈ ಮನೆಯಲ್ಲಿ ಬೇಡ. ಅದು ಮುಖ್ಯಪ್ರಾಣ ದೇವರು ಕೂತ ಜಾಗ. ಅಲ್ಲಿಗೆ ಬೆರಳು ಹಾಕುದಂತೆ! ಯಾರದ್ದೋ ಬೆರಳು!”

ನಮ್ಮವರಲ್ಲಿ ಅದು ಬರಿಯ ಮಾತಲ್ಲ. ಉಸಿರಾಡಿಸುವ ದೇವರು ಎದೆಯೊಳಗೇ ಕುಳಿತು, ನಾವು ನಿದ್ದೆ ಮಾಡುವಾಗಲೂ ಎಡೆಬಿಡದೆ ನಮಗಾಗಿ ಜಪ ಮಾಡುತ್ತಾನೆ ಎಂದು ಅಜ್ಜಿ ನಂಬಿದ್ದಳು. ಅಪ್ಪಯ್ಯ ತಲೆ ತಗ್ಗಿಸಿಕೊಂಡು ಕೆಳಗೆ ಹೋದರು. ಅತ್ತೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, “ಉಪ್ಪಿಲ್ಲದ ಸಾರು ತಿಂದೇ ಸಾಯ್ತೇನೆ ಬಿಡು, ಬೆರಳೆಲ್ಲ ಯಾಕೆ” ಎಂದಳು. ಯಾರೂ ನಗಲಿಲ್ಲ.

ಅದೇ ಸಮಯಕ್ಕೆ ಸ್ಕೂಲಿನಲ್ಲಿ ನಮಗೆ ಸರ್ಕ್ಯುಲೇಷನ್ ಪಾಠ ಬಂದಿತು. ದೇವರ ದಯೆ ಎಂದು ಅಜ್ಜಿ ಆಮೇಲೆ ಹೇಳಿದಳು. ಸಿಲಬಸ್ ಎಂದು ನಾನು ಹೇಳುತ್ತೇನೆ.

ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ ಗುಂಡಗೆ, ಗಿಡ್ಡಗೆ, ಸದಾ ಅವಸರದವರು. ಬಿಳಿಯ ಉಡುಪು, ದಪ್ಪ ಕಪ್ಪು ಶೂ. ಮದರ್ ಸುಪೀರಿಯರ್ ಎದುರಿಗೆ ಬಂದರೆ ಮಾತ್ರ ನಡಿಗೆ, ಇಲ್ಲದಿದ್ದರೆ ಓಟ. ಆ ದಿನ ಕ್ಲಾಸಿಗೆ ಬಂದವರೇ, “ಗರ್ಲ್ಸ್, ಪುಸ್ತಕ ಮುಚ್ಚಿ. ಹೃದಯ ಹಾಳೆಯ ಮೇಲೆ ಇರುವುದಿಲ್ಲ, ಅದು ಓಡುತ್ತದೆ. ಔಟ್‌ಸೈಡ್, ಎವ್ರಿಬಡಿ” ಎಂದರು.

ನಮ್ಮ ಕ್ಲಾಸ್‌ರೂಮ್ ಮತ್ತು ಪಕ್ಕದ ಕ್ಲಾಸ್‌ರೂಮ್, ಎರಡಕ್ಕೂ ನಡುವೆ ಕಿಂಡಿಯೂ ಇಲ್ಲದ ಗೋಡೆ. ಒಂದೊಂದರ ಮುಂದೆಯೂ ಕೊಡೆ, ಟಿಫಿನ್ ಡಬ್ಬಿ ಇಡುವ ಸಣ್ಣ ಕೋಣೆ. ಸಿಸ್ಟರ್ ಆ ಗೋಡೆಗೆ ಕೈ ತಟ್ಟಿ ಹೇಳಿದರು: ಇದೇ ಹೃದಯ. ಒಂದು ಮನೆಯಲ್ಲ, ಅಂಟಿಕೊಂಡಿರುವ ಎರಡು ಮನೆ. ಸಣ್ಣ ಕೋಣೆಯಲ್ಲಿ ರಕ್ತ ಬಂದು ಸೇರುತ್ತದೆ, ದೊಡ್ಡ ಕೋಣೆ ಅದನ್ನು ಹೊರಗೆ ದಬ್ಬುತ್ತದೆ. ನಡುವಿನ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಮುಂದೆ ಹೋಗಬಹುದು, ಹಿಂದೆ ಬರುವಂತಿಲ್ಲ. ಬಲಗಡೆಯ ಮನೆಯಿಂದ ಹೊರಟ ರಕ್ತ ಗಾರ್ಡನ್ನಿಗೆ ಹೋಗುತ್ತದೆ. ಗಾರ್ಡನ್ ಎಂದರೆ ಶ್ವಾಸಕೋಶ. ಅಲ್ಲಿ ಆಮ್ಲಜನಕ ತೆಗೆದುಕೊಂಡು ಎಡಗಡೆಯ ಮನೆಗೆ ಬರುತ್ತದೆ, ಎಡಗಡೆಯ ದೊಡ್ಡ ಕೋಣೆ ಅದನ್ನು ಇಡೀ ಸ್ಕೂಲಿಗೆ ಕಳಿಸುತ್ತದೆ.

ನಾವೇ ರಕ್ತ. ಬಲಗಡೆಯಿಂದ ಹೊರಟು, ಗಾರ್ಡನ್ನಿನ ದಾಸವಾಳದಿಂದ ಒಂದು ಕೆಂಪು ಎಸಳು ಕಿತ್ತುಕೊಂಡು, ಎಡಗಡೆಯ ಎರಡು ಕೋಣೆ ದಾಟಿ, ಚಾಪೆಲ್ ಸುತ್ತಿ, ಗೇಟಿನವರೆಗೆ ಓಡಿ, ಅಲ್ಲಿ ವಾಚ್‌ಮನ್ ತಾತನ ಕೈಗೆ ಎಸಳು ಕೊಟ್ಟು, ಬರಿಗೈಯಲ್ಲಿ ಮತ್ತೆ ಬಲಗಡೆಯ ಸಣ್ಣ ಕೋಣೆಗೆ. ಸಿಸ್ಟರ್ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಲಬ್-ಡಬ್, ಲಬ್-ಡಬ್. “ನಾನ್ ಯಾರು ಸಿಸ್ಟರಮ್ಮಾ?” ಎಂದು ವಾಚ್‌ಮನ್ ತಾತ ಗೇಟಿನಿಂದ ಕೂಗಿದ. “ನೀಂಗ ಕಾಲ್ ಕಟ್ಟೈ ವಿರಲ್!” ಎಂದು ಸಿಸ್ಟರ್ ಕೂಗಿದರು. ಕಾಲಿನ ಹೆಬ್ಬೆರಳು! ತಾತ ಬಹಳ ಸಂತೋಷಪಟ್ಟ.

ಓಡುತ್ತ ಓಡುತ್ತ ನನಗೆ ತಡೆಯಲಾಗಲಿಲ್ಲ. ನಿಂತು ಕೇಳಿದೆ: “ಸಿಸ್ಟರ್, ಎಡಗಡೆಯ ನಡುಬಾಗಿಲು ಪೂರ್ತಿ ತೆರೆಯದೇ ಇದ್ದರೆ? ಮೈಟ್ರಲ್ ವಾಲ್ವ್ ನ್ಯಾರೋ ಆದರೆ?”

ಚಪ್ಪಾಳೆ ನಿಂತಿತು. “ಆ ಶಬ್ದ ನಿನಗೆ ಎಲ್ಲಿ ಸಿಕ್ಕಿತು, ಚೈಲ್ಡ್?”

“ಮೈ ಆಂಟ್, ಸಿಸ್ಟರ್. ನನ್ನ ಅತ್ತೆಗೆ.”

ಸಿಸ್ಟರ್ ಎಡಗಡೆಯ ಸಣ್ಣ ಕೋಣೆಗೂ ದೊಡ್ಡ ಕೋಣೆಗೂ ನಡುವಿನ ಬಾಗಿಲಿನ ಒಂದು ರೆಕ್ಕೆ ಮುಚ್ಚಿ ಅಗುಳಿ ಹಾಕಿದರು. ಇನ್ನೊಂದಕ್ಕೆ ತಮ್ಮ ಗುಂಡಗಿನ ಭುಜ ಕೊಟ್ಟು ನಿಂತರು. “ಓಡಿ. ಮೊದಲಿನಷ್ಟೇ ಜೋರಾಗಿ.”

ಒಬ್ಬೊಬ್ಬಳೇ ಪಕ್ಕಕ್ಕೆ ತಿರುಗಿ ನುಸುಳಬೇಕಾಯಿತು. ಹಿಂದಿನವರು ಸಣ್ಣ ಕೋಣೆಯಲ್ಲಿ ಒತ್ತರಿಸಿದರು. ಅವರ ಹಿಂದಿನವರು ವೆರಾಂಡಾದಲ್ಲಿ, ಆಮೇಲೆ ಗಾರ್ಡನ್ನೇ ತುಂಬಿಹೋಯಿತು. ದಾಸವಾಳದ ಗಿಡಕ್ಕೆ ಒತ್ತಿಕೊಂಡ ಒಬ್ಬ ಹುಡುಗಿ “ಐ ಕಾಂಟ್ ಬ್ರೀದ್, ಸಿಸ್ಟರ್!” ಎಂದು ಚೀರಿದಳು. ಅದೇ ಹೊತ್ತಿಗೆ ದೂರದ ಗೇಟಿನಿಂದ ತಾತ: “ಸಿಸ್ಟರಮ್ಮಾ, ಪೂವೇ ವರಲಿಯೇ!” ಹೂವೇ ಬರುತ್ತಿಲ್ಲವಲ್ಲ!

“ಕೇಳಿದಿರಾ?” ಎಂದರು ಸಿಸ್ಟರ್, ಭುಜ ತೆಗೆಯದೆ. “ಇಲ್ಲಿ ಉಸಿರು ಕಟ್ಟಿತು, ಅಲ್ಲಿ ಕಾಲು ಸೋತಿತು. ಎರಡಕ್ಕೂ ಒಂದೇ ಬಾಗಿಲು. ಇನ್ನೊಂದು ನೋಡಿ, ಗರ್ಲ್ಸ್. ಹಿಂದಿನ ಕೋಣೆಗಳು ಸುಮ್ಮನೆ ಕುಳಿತಿಲ್ಲ, ಮೊದಲಿಗಿಂತ ಜೋರಾಗಿ ದಬ್ಬುತ್ತಿವೆ. ಇಂಥ ಹೃದಯದವರನ್ನು ಸೋಮಾರಿ ಅನ್ನಬೇಡಿ. ನೀವು ಮಲಗಿದಾಗಲೂ ಅವರು ಗುಡ್ಡ ಹತ್ತುತ್ತಿರುತ್ತಾರೆ.”

ಆ ಮಾತು ಅವರು ಇಡೀ ಕ್ಲಾಸಿಗೆ ಹೇಳಿದರೂ ನನ್ನ ಮುಖ ನೋಡಿ ಹೇಳಿದರು. ನಾನು ಸೊಂಟದಿಂದ ಕರ್ಚೀಫ್ ಎಳೆದು ಮುಖ ಒರೆಸಿಕೊಂಡೆ. ಓಡಿ ಬೆವರಿದ್ದೇನೆ ಎಂದು ಎಲ್ಲರೂ ಅಂದುಕೊಂಡಿರಬೇಕು.

ಮರುವಾರ ಗಾರ್ಡ್ ಒಬ್ಬರ ಮಗಳು ಮಾರ್ಕೆಟಿನಿಂದ ಕುರಿಯ ಹೃದಯ ತಂದಳು. ಸಸ್ಯಾಹಾರಿಗಳು ಬೇಕಾದರೆ ಬಾಗಿಲಲ್ಲಿ ನಿಲ್ಲಬಹುದು ಎಂದು ಸಿಸ್ಟರ್ ಹೇಳಿದರು. ಈರುಳ್ಳಿಯನ್ನೇ ಕಾಣದ ಅಡಿಗೆಮನೆಯಿಂದ ಬಂದ ನಾನು ಮೊದಲು ಬಾಗಿಲಲ್ಲೇ ನಿಂತೆ. ಆಮೇಲೆ ಮೇಜಿನ ಹತ್ತಿರ. ಆಮೇಲೆ ಎಲ್ಲರಿಗಿಂತ ಮುಂದೆ. ಸಿಸ್ಟರ್ ಅದನ್ನು ಸೀಳಿ ನಡುವಿನ ವಾಲ್ವ್ ತೋರಿಸಿದರು. ಮಲ್ಲಿಗೆ ಎಸಳಿನಷ್ಟು ತೆಳು, ರೇಷ್ಮೆಯ ಹಾಗೆ ಹೊಳಪು. ಅದರ ಅಂಚಿನಿಂದ ಗೋಡೆಗೆ ಸಣ್ಣ ಸಣ್ಣ ಬಿಳಿ ದಾರಗಳು. ಬಾಗಿಲು ಹಿಂದಕ್ಕೆ ಮಗುಚಿಕೊಳ್ಳದಂತೆ ಹಿಡಿದು ನಿಲ್ಲಿಸುವ ದಾರಗಳು. ನನಗೆ ವಾಂತಿ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬೇರೆ ಏನೋ. ಒಂದು ಮುಷ್ಟಿಯಷ್ಟು ಮಾಂಸದಲ್ಲಿ ಇಷ್ಟು ಅಚ್ಚುಕಟ್ಟು! ಹುಟ್ಟುವ ಮೊದಲೇ ಶುರುಮಾಡಿ, ಒಂದು ದಿನ ರಜ ಕೇಳದೆ, ಯಾರ ಕಣ್ಣಿಗೂ ಬೀಳದೆ ಈ ದಾರಗಳು ಎಳೆದು ಬಿಟ್ಟು ಎಳೆದು ಬಿಟ್ಟು ಇರುತ್ತವಲ್ಲ! ಆ ಬೆರಗು ಈ ವಯಸ್ಸಿನಲ್ಲೂ ನನಗೆ ತೀರಿಲ್ಲ. ಈಗ ನನ್ನದನ್ನೇ ಎಕೋ ಸ್ಕ್ರೀನಿನಲ್ಲಿ ತೋರಿಸಿದಾಗ, “ಸ್ವಲ್ಪ ಈ ಕಡೆ ತಿರುಗಿಸಿ, ಪ್ಲೀಸ್, ನಾನೂ ನೋಡಬೇಕು” ಎಂದು ಸ್ಕ್ಯಾನ್ ಮಾಡುವ ಹುಡುಗಿಗೆ ತೊಂದರೆ ಕೊಡುತ್ತೇನೆ.

ಆ ದಿನ ಮನೆಗೆ ಬಂದಾಗ ಕಾರ್ಬಾಲಿಕ್ ಸೋಪಿನ ವಾಸನೆಗೇ ಅಜ್ಜಿಗೆ ಅನುಮಾನ. ನಿಜ ಹೇಳಿದೆ. ಬಯ್ಯಲಿಲ್ಲ. ಬಚ್ಚಲಿನ ಕಡೆ ಬೆರಳು ತೋರಿಸಿದಳು. ನಾನು ತಲೆಗೆ ನೀರು ಸುರಿದುಕೊಳ್ಳುತ್ತಿರುವಾಗ ಬಾಗಿಲಾಚೆ ಆಕೆಯ ದನಿ, ತಗ್ಗಿಸಿ:

“ಹೌದಾ ಮಗಾ, ಅದರೊಳಗೆ ನಿಜವಾಗಿ ಬಾಗಿಲು ಉಂಟಾ?”

“ಉಂಟು ಅಜ್ಜಿ. ನಾಲ್ಕು.”

“ಅಗುಳಿ?”

“ಅಗುಳಿ ಇಲ್ಲ. ದಾರ ಉಂಟು.”

“ದಾರ ಕಟ್ಟಿದವನು ಯಾರು ಅಂತ ನಿಮ್ಮ ಸಿಸ್ಟರಿಗೆ ಕೇಳಿದಿಯಾ?” ಎಂದು ಹೇಳಿ ಹೋದಳು.

ಅಪ್ಪಯ್ಯನಿಗೆ ಅರ್ಥ ಮಾಡಿಸಲು ನನಗೆ ಕಷ್ಟವೇ ಆಗಲಿಲ್ಲ. ಹೋಟೆಲಿನ ಅಡಿಗೆಮನೆಗೆ ಎರಡು ಅರ್ಧಬಾಗಿಲು ಇದ್ದವು. ಒಂದು ಒಳಗೆ ಹೋಗಲಿಕ್ಕೆ ಮಾತ್ರ, ಇನ್ನೊಂದು ಹೊರಗೆ ಬರಲಿಕ್ಕೆ ಮಾತ್ರ. ಬಿಸಿ ಸಾಂಬಾರಿನ ಬಕೆಟ್ಟು ಹಿಡಿದ ಸಪ್ಲೈಯರ್‌ಗಳು ಡಿಕ್ಕಿ ಹೊಡೆಯಬಾರದೆಂದು ಅಪ್ಪಯ್ಯ ಮಾಡಿದ ಏರ್ಪಾಡು. ಮದ್ರಾಸಿನಲ್ಲಿ ದೀಪಾವಳಿ ಹೊತ್ತಿನ ಐಪ್ಪಸಿಯ ಮಳೆ ಹಿಡಿಯಿತೆಂದರೆ ಹೊರಬರುವ ಬಾಗಿಲಿನ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಆ ವರ್ಷವೂ ಕಚ್ಚಿಕೊಂಡಿತ್ತು. ಸಂಗು ಊದಿ ಹಾಲ್ ತುಂಬಿದ ಹೊತ್ತು. ಒಳಗೆ ದೋಸೆ ರಾಶಿಬಿದ್ದಿದೆ, ತಟ್ಟೆ ಹಿಡಿದವರು ಒಬ್ಬರ ಮೇಲೊಬ್ಬರು, ಅಡಿಗೆ ಭಟ್ರು ಸೆಕೆಗೆ ಬೊಬ್ಬೆ ಹಾಕುತ್ತಿದ್ದಾರೆ, ಹೊರಗೆ ಜನ ಖಾಲಿ ಎಲೆಯ ಮುಂದೆ ಕುಳಿತು, “ಎನ್ನ ಸಾರ್, ಇನ್ನಿಕ್ಕು ಉಪವಾಸಮಾ?” ಎಂದು ಮೇಜು ತಟ್ಟುತ್ತಿದ್ದಾರೆ. ಇವತ್ತೇನು ಸ್ವಾಮಿ, ಉಪವಾಸವೋ?

ನಾನು ಅಪ್ಪಯ್ಯನ ತೋಳು ಹಿಡಿದು ಹೇಳಿದೆ: “ಅಪ್ಪಯ್ಯಾ, ನೋಡಿ. ಇದೇ. ಅತ್ತೆಗೆ ಆದದ್ದು ಇದೇ. ಅಡಿಗೆಮನೆ ಅವಳ ಶ್ವಾಸಕೋಶ. ಹಾಲ್ ಅವಳ ಕೈಕಾಲು.”

ಅಪ್ಪಯ್ಯ ಬಾಗಿಲನ್ನು ನೋಡಿದರು. ಒಳಗಿನ ಗದ್ದಲ ನೋಡಿದರು, ಹೊರಗಿನ ಗದ್ದಲ ನೋಡಿದರು. “ಅಯ್ಯೋ ದೇವರೇ,” ಎಂದರು. “ಒಲೆ ಸರಿ ಉಂಟು. ಭಟ್ರು ಸರಿ ಇದ್ದಾರೆ. ಎಲ್ಲ ಸರಿ ಉಂಟು. ಬಾಗಿಲೊಂದು... ಮತ್ತೆ ನಾವು ಅವಳಿಗೆ ಟಾನಿಕ್ ಕುಡಿಸ್ತಾ ಇದ್ದೇವಲ್ಲ ಇಷ್ಟು ವರ್ಷ! ಇನ್ನಷ್ಟು ದೋಸೆ ಹೊಯ್ಯಿ ಅಂತ ಹೇಳಿದ ಹಾಗಾಯ್ತು!” ಬಡಗಿಯನ್ನು ಕರೆಸಿ ಬಾಗಿಲ ಅಂಚು ಕೆರೆಸಿದರು. ಅದು ಮತ್ತೆ ಸಲೀಸಾಗಿ ತೂಗುವುದನ್ನು ನೋಡುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಆದರೆ ಅಜ್ಜಿಯ ಮಾತಿಲ್ಲದೆ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಅತ್ತೆಯ ಕಾಲು ಉಪ್ಪು ಬಿಟ್ಟಮೇಲೂ ಊದುತ್ತಲೇ ಇತ್ತು. ನಾನು ಸಿಸ್ಟರಿಗೆ ಎಲ್ಲ ಹೇಳಿಕೊಂಡೆ, ಮುಖ್ಯಪ್ರಾಣ ದೇವರನ್ನೂ ಬಿಡದೆ. ಅವರು ಕೇಳಿ, “ಐ ವಿಲ್ ಕಮ್ ಆಂಡ್ ಟಾಕ್ ಟು ಯುವರ್ ಗ್ರ್ಯಾಂಡ್‌ಮದರ್” ಎಂದರು. ನನ್ನ ಚಿಂತೆ ಬೇರೆಯೇ. ಯಾವ ಭಾಷೆಯಲ್ಲಿ?

ಶನಿವಾರ ಸಂಜೆ ಅವರು ಬಂದರು. ಒಬ್ಬರೇ ಹೊರಗೆ ಹೋಗುವಂತಿಲ್ಲದ್ದರಿಂದ ಜೊತೆಗೆ ಇನ್ನೊಬ್ಬ ವಯಸ್ಸಾದ ಸಿಸ್ಟರ್. ಅಪ್ಪಯ್ಯ ಓಡಿಬಂದು ಸ್ಪೆಷಲ್ ಕೇಸರಿಬಾತು, ತುಪ್ಪದ ದೋಸೆ ಎಂದು ಗಡಿಬಿಡಿ ಮಾಡಿದರು. ಕಾನ್ವೆಂಟಿನ ಆಚೆ ತಾವು ಏನೂ ತಿನ್ನುವಂತಿಲ್ಲ ಎಂದು ಸಿಸ್ಟರ್ ತಮಿಳಿನಲ್ಲಿ ಹೇಳಿದರು. ಅಪ್ಪಯ್ಯ ಹತಾಶರಾಗಿ, “ಮೇಲೆ ನನ್ನ ತಾಯಿಯೂ ಹಾಗೇ. ಇಷ್ಟು ದೊಡ್ಡ ಹೋಟೆಲು ಮಾಡಿ ನಾನು ಯಾರಿಗೆ ಬಡಿಸುವುದು?” ಎಂದರು.

ಮೇಲೆ ಬಂದ ಸಿಸ್ಟರ್ ಅಜ್ಜಿಯಿಂದ ಮಾರು ದೂರದಲ್ಲಿ ನೆಲದ ಮೇಲೇ ಕುಳಿತು, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ನಮಸ್ಕಾರ ಅಮ್ಮ. ಮುಟ್ಟುದಿಲ್ಲ, ಹೆದರ್ಬೇಡಿ. ನನ್ನದು ಮಂಗಳೂರು.”

ಇಷ್ಟು ವರ್ಷ ಅವರ ಬಾಯಲ್ಲಿ ಒಂದು ಕನ್ನಡದ ಅಕ್ಷರ ಕೇಳದ ನಾನು ದಂಗಾಗಿಹೋದೆ. ಅಜ್ಜಿ ಆ ಬಿಳಿ ಮುಸುಕನ್ನು, ಕೂದಲ ಎಳೆಯೂ ಕಾಣದ ಹಣೆಯನ್ನು ದಿಟ್ಟಿಸಿದಳು. ಆಮೇಲೆ ತನ್ನ ಕೆಂಪು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. “ನಿಮ್ಮಲ್ಲೂ ಕೂದಲು ತೆಗೀತಾರಾ?”

“ಗಿಡ್ಡ ಮಾಡ್ತಾರೆ.”

“ಸೆಕೆಗೆ ಒಳ್ಳೇದು,” ಎಂದಳು ಅಜ್ಜಿ. ಅಲ್ಲಿಂದ ಇಬ್ಬರ ಮಾತು ಹಳೇ ನೆರೆಕರೆಯವರ ಹಾಗೆ ಸಾಗಿತು. ಸಿಸ್ಟರ್ ಮೊದಲು ಊಟ ವಿಚಾರಿಸಿದರು.

“ಉಪ್ಪು ಪೂರಾ ನಿಲ್ಲಿಸಿದ್ದೀರಾ ಅಮ್ಮ?”

“ಒಂದು ಹರಳು ಹಾಕುದಿಲ್ಲ. ನಾನೂ ತಿನ್ನುದಿಲ್ಲ.”

“ಮತ್ತೆ ನಂಜಿಕೊಳ್ಳಲಿಕ್ಕೆ?”

“ಅದಕ್ಕೆಂತ, ಹಪ್ಪಳ ಉಂಟು, ಸಂಡಿಗೆ ಉಂಟು, ಮಜ್ಜಿಗೆ ಮೆಣಸು ಉಂಟು. ಸಪ್ಪೆ ಊಟ ಒಳಗೆ ಹೋಗ್ಬೇಕಲ್ಲ ಪಾಪ.”

ಸಿಸ್ಟರ್ ಹಣೆ ಚಚ್ಚಿಕೊಂಡರು. “ಅಮ್ಮಾ, ಹಪ್ಪಳದಲ್ಲಿ ಉಪ್ಪಿಲ್ವಾ?”

“ಹಪ್ಪಳ ಬೇರೆ, ಉಪ್ಪು ಬೇರೆ,” ಎಂದಳು ಅಜ್ಜಿ ಗಂಭೀರವಾಗಿ. ವ್ರತದಲ್ಲಿ ಹೆಸರು ಹೇಳಿದ್ದನ್ನು ಮಾತ್ರ ಬಿಡುವುದು. ಜೀವಮಾನವಿಡೀ ಆಕೆ ಪಾಲಿಸಿದ್ದು ಅದೇ ಲೆಕ್ಕ. ಹೇಳಿದಮೇಲೆ ಮಾತ್ರ ಆಕೆಯ ಮುಖ ಇಳಿಯಿತು. ಅತ್ತೆ ದಿಂಬಿಗೆ ಒರಗಿ ನಗುತ್ತ ಕೆಮ್ಮಿದಳು: “ಅದೊಂದೇ ರುಚಿ ಇತ್ತು. ಅದಕ್ಕೂ ಕಲ್ಲು ಹಾಕಿದಿರಾ ಸಿಸ್ಟರ್!”

ಆಮೇಲೆ ಅಜ್ಜಿ ಅಸಲು ಮಾತಿಗೆ ಬಂದಳು. “ನೀವೂ ದೇವರಿಗೆ ಬಿಟ್ಟವರು. ನೀವು ಹೇಳಿ. ದೇವರು ಕೂತಲ್ಲಿ ಒಬ್ಬ ಮನುಷ್ಯ ಮೈಲಿಗೆ ಕೈ ಹಾಕುದು ಸರಿಯಾ?”

ಸಿಸ್ಟರ್ ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ, ಇಲ್ಲದ ನೀರಿನಲ್ಲಿ ತೊಳೆಯತೊಡಗಿದರು. “ನಾನು ಇಲ್ಲಿ ಬರುವ ಮೊದಲು ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ಅಮ್ಮ. ನೋಡಿದ್ದು ಹೇಳ್ತೇನೆ. ಮೊಣಕೈವರೆಗೆ ಬ್ರಷ್ ಹಾಕಿ ಉಜ್ಜುತ್ತಾರೆ. ಉಗುರಿನ ಸಂದಿ, ಬೆರಳಿನ ಸಂದಿ. ಮತ್ತೆ ಹೀಗೆ ಕೈ ಎತ್ತಿ ಹಿಡೀತಾರೆ. ಆಮೇಲೆ ಯಾರನ್ನೂ ಮುಟ್ಟುವಂತಿಲ್ಲ. ಮೂಗು ತುರಿಸಿದ್ರೂ ತುರಿಸಿಕೊಳ್ಳುವಂತಿಲ್ಲ. ಆವಿಯಲ್ಲಿ ಬೇಯಿಸಿದ ಬಟ್ಟೆ, ಅದನ್ನೂ ಇನ್ನೊಬ್ಬರು ಉಡಿಸ್ಬೇಕು. ಅಪ್ಪಿತಪ್ಪಿ ಯಾರಿಗಾದ್ರೂ ತಾಗಿದ್ರೆ—”

“ಮತ್ತೆ ಮೊದಲಿಂದ ತೊಳೀಬೇಕಾ?” ಎಂದಳು ಅಜ್ಜಿ.

“ಮತ್ತೆ ಮೊದಲಿಂದ.”

ಅಜ್ಜಿ ತನ್ನ ಕೈಗಳನ್ನು ನೋಡಿಕೊಂಡಳು. ಆಗ ಅತ್ತೆ ಮಾತಾಡಿದಳು. ಈ ಸಲ ನಗುವಿಲ್ಲದೆ. “ಅಮ್ಮಾ, ಒಂದು ಹೇಳ್ತೇನೆ. ಆ ಮೆಟ್ಟಿಲಲ್ಲಿ ನಾನು ರೈಲು ನೋಡ್ತಾ ಕೂತದ್ದಲ್ಲ. ಒಂದು ದಿನವೂ ನೋಡಿಲ್ಲ. ಕಣ್ಣು ಕತ್ತಲೆ ಬರ್ತದೆ. ಉಸಿರು ಎಲ್ಲುಂಟು ಅಂತ ಹುಡುಕ್ತಾ ಕೂತುಕೊಳ್ಳುದು. ನನಗೆ ಆಪರೇಷನ್ ಬೇಕು. ಸತ್ರೆ ಮೇಜಿನ ಮೇಲೆ ಸಾಯ್ತೇನೆ, ಆ ಮಣೆಯ ಮೇಲೆ ಬೇಡ.”

ಆ ಮಾತಿನ ಧೈರ್ಯಕ್ಕೆ ಸಾಟಿಯಾದದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಅಜ್ಜಿ ಎದ್ದು ದೇವರ ಮುಂದೆ ಹೋಗಿ ಕುಳಿತಳು. ಬಂದು ಅಪ್ಪಯ್ಯನನ್ನು ಕರೆದಳು. “ಮಗಾ, ಡಾಕ್ಟ್ರಿಗೆ ಹೇಳು. ಕೈ ಸರಿಯಾಗಿ ತೊಳೀಲಿಕ್ಕೆ ಹೇಳು.”

ರಕ್ತ ಬೇಕೆಂದಾಗ ಕೊಟ್ಟವರು ನಮ್ಮ ಸಪ್ಲೈಯರ್‌ಗಳು ಮತ್ತು ದಿನಾ ಬೆಳಿಗ್ಗೆ ಪೊಂಗಲಿಗೆ ಬರುತ್ತಿದ್ದ ವರ್ಕ್‌ಶಾಪಿನ ಫಿಟ್ಟರುಗಳು. ಯಾರ ರಕ್ತ, ಯಾವ ಜಾತಿ ಎಂದು ಬಂಧುವೊಬ್ಬರು ಗುಣುಗಿದರು. ಅತ್ತೆ ಸ್ಟ್ರೆಚರಿನ ಮೇಲಿಂದಲೇ, “ರೈಲ್ವೆಯವರ ರಕ್ತ. ಇನ್ನು ನನ್ನನ್ನು ಹಿಡಿಯಲಿಕ್ಕೆ ಆಗುದಿಲ್ಲ ನೋಡಿ” ಎಂದಳು. ಅಜ್ಜಿ ಮಡಿಸೀರೆಯಲ್ಲೇ ಕಾರಿಡಾರಿನ ಒಂದು ಮೂಲೆ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಆಚೆ ತುದಿಯಲ್ಲಿ ಸರ್ಜನ್ ಕಾಣಿಸಿದರು. ಒದ್ದೆ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದರು. ಎದುರು ಬಂದ ನರ್ಸ್ ಗೋಡೆಗೆ ಒತ್ತಿ ದಾರಿ ಬಿಟ್ಟಳು. ಥಿಯೇಟರಿನ ಬಾಗಿಲಿಗೆ ಅವರು ಕೈ ಹಾಕಲಿಲ್ಲ. ತಿರುಗಿ, ಬೆನ್ನಿನಿಂದ ತಳ್ಳಿ ಒಳಗೆ ಹೋದರು.

ಅಜ್ಜಿ ನನ್ನನ್ನು ಮೊಣಕೈಯಿಂದ ತಿವಿದಳು. ಮಡಿಯುಟ್ಟವಳು, ಸ್ಕೂಲ್ ಯೂನಿಫಾರ್ಮಿನಲ್ಲಿದ್ದ ನನ್ನನ್ನು! “ನೋಡಿದಿಯಾ? ಬೆನ್ನಿನಿಂದ! ನಮ್ಮ ಹಾಗೇ. ಅಲ್ಲ, ನಮ್ಮದಕ್ಕಿಂತ ಹೆಚ್ಚು.” ಆಮೇಲೆ ಆಕೆ ಅಳಲು ಶುರುಮಾಡಿದಳು.

ಅವರು ಹೊರಬಂದಾಗ ನಾನೇ ಮತ್ತೆ ಇಂಟರ್‌ಪ್ರಿಟರ್. ಸರ್ಜನ್ ತಮ್ಮ ತೋರುಬೆರಳನ್ನು ಸ್ವಲ್ಪ ಮಡಿಸಿ ತೋರಿಸುತ್ತ ಹೇಳಿದರು. ಈ ಸಲ ನನಗೆ ಶಬ್ದಕ್ಕಿಂತ ಮೊದಲು ಅರ್ಥ ತಿಳಿಯಿತು. “ಅಪ್ಪಯ್ಯಾ, ಬಾಗಿಲು ಬಿಟ್ಟುಕೊಂಡಿತಂತೆ. ಹೃದಯ ಬಡಿಯುತ್ತಿರುವಾಗಲೇ. ಬೆರಳಿಗೆ ಗೊತ್ತಾಯಿತಂತೆ.”

“ಕೆರೆದರಾ?” ಎಂದರು ಅಪ್ಪಯ್ಯ.

“ಇಲ್ಲ. ಬರೀ ಬೆರಳು.”

ಅಪ್ಪಯ್ಯ ಆ ಬೆರಳನ್ನೇ ನೋಡುತ್ತ ಕೈ ಮುಗಿದರು.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದಳು. ಆ ಹೋಟೆಲಿಗಿಂತ ಹೆಚ್ಚು, ಅಜ್ಜಿಗಿಂತ, ಅಪ್ಪಯ್ಯನಿಗಿಂತ ಹೆಚ್ಚು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅವಳು ಮನೆಗೆ ಬಂದು ಕೆಲವು ವಾರಗಳಾದಮೇಲಿನ ಒಂದು ಮಧ್ಯಾಹ್ನದಲ್ಲಿ. ಅಷ್ಟು ದಿನ ಮೇಲೆಯೇ ಇದ್ದವಳು ಅಂದು ಮೊದಲ ಸಲ ಕೆಳಗೆ ಇಳಿದು, ಹೋಟೆಲಿನವರ ಹತ್ತಿರ ಮಾತಾಡಿ, ಮೇಲೆ ಹತ್ತಲು ಶುರುಮಾಡಿದಳು. ಅಜ್ಜಿ, ನಾನು ಮೇಲಿನ ಮೆಟ್ಟಿಲಿನಲ್ಲಿ ಉಸಿರು ಹಿಡಿದು ನಿಂತಿದ್ದೆವು. ಹೆಜ್ಜೆಯ ಸದ್ದು ತಿರುವಿಗೆ ಬಂದಿತು. ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಅತ್ತೆ ಮೇಲೆ ಬಂದು ನಮ್ಮೆದುರು ನಿಂತಳು. ತುಟಿ ಕೆಂಪಗೇ ಇತ್ತು.

“ಎಂತದ್ದು, ಇಬ್ಬರೂ ಕಂಬದ ಹಾಗೆ?” ಎಂದಳು. ತಟ್ಟನೆ ಏನೋ ನೆನಪಾದಂತೆ ತಿರುಗಿ ಮತ್ತೆ ಇಳಿಯತೊಡಗಿದಳು.

“ಎಲ್ಲಿಗೇ?” ಎಂದು ಅಜ್ಜಿ ಗಾಬರಿಯಿಂದ ಕೂಗಿದಳು.

“ರೈಲು ನೋಡ್ಲಿಕ್ಕೆ!”

ನಾನು ಅವಳ ಹಿಂದೆ ಓಡಿದೆ. ತಿರುವಿನಲ್ಲಿ ಅವಳು ಮಣೆಯನ್ನು ಕಾಲಿನಿಂದ ಗೋಡೆಗೆ ಸರಿಸಿ, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಯಾರ್ಡಿನಲ್ಲಿ ಒಂದು ಎಂಜಿನ್ನು ಹೊಗೆ ಬಿಡುತ್ತ ಹಿಂದೆ ಮುಂದೆ ಆಡುತ್ತಿತ್ತು.

“ಅಯ್ಯೋ, ಎಷ್ಟು ಹಳಿ ಉಂಟು ಮಾರಾಯ್ತಿ ಇಲ್ಲಿ!” ಎಂದಳು ನನ್ನ ಅತ್ತೆ.